ಫ್ರಾನ್ಸಿಸ್ ಆಸ್‌ಬರಿ: ಮನೆತನ ಮತ್ತು ಜೀವಿತ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಧಾರ್ಮಿಕ ಇತಿಹಾಸವನ್ನು ವ್ಯಾಸಂಗಮಾಡುವವರಿಗೆ ಜಾನ್ ವೆಸ್ಲಿಯ ಹೆಸರು ಸುಪರಿಚಿತವಾದುದು. ಮೆಥಡಿಸ್ಟ್ ಚಳವಳಿಯ ಮೂಲಪುರುಷನಾದ ಆತನು ಆಕ್ಸ್‌ಫರ್ಡಿನ ವಿದ್ವಾಂಸ. ಎಪ್‌ವರ್ತ್ ಗ್ರಾಮದ ಪಾದ್ರಿಯ ಮಗ. ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಆತನ ಹಿರಿಯರು ಧರ್ಮೋಪದೇಶಕರಾಗಿದ್ದವರು. ಇಂತಹ ವಂಶದಲ್ಲಿ ಹುಟ್ಟಿದವನು ಧರ್ಮಗುರುವಾದುದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಆದರೆ ಅದೇ ಚಳವಳಿಯನ್ನು ಅಟ್ಲಾಂಟಿಕ್ ಸಾಗರದ ಆಚೆಗೆ ಕೊಂಡೊಯ್ದು ಬೇರೂರಿಸಿದ ಫ್ರಾನ್ಸಿಸ್ ಆಸ್‌ಬರಿಯ ಮನೆತನವು ಇದಕ್ಕೆ ತೀರ ಭಿನ್ನವಾದುದು. ಈತನು ತೋಟಗಾರನೊಬ್ಬನ ಮಗ. ಹದಿಮೂರನೆಯ ವಯಸ್ಸಿಗೆ ಶಾಲೆ ಬಿಟ್ಟವನು. ಕುಲುಮೆಯ ಊರಿನಲ್ಲಿ ಕಸುಬು ಕಲಿತವನು. ಇಂತಹವನು ಅಮೆರಿಕದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಸದಸ್ಯರುಳ್ಳ ಸಭೆಯೊಂದರ ಬಿಷಪ್ಪನಾದುದು ಹೇಗೆ ಎಂಬ ಪ್ರಶ್ನೆಗೆ ಉತ್ತರವನ್ನು ಆತನ ಮನೆಯಲ್ಲಿಯೂ ಹುಟ್ಟಿದ ನಾಡಿನಲ್ಲಿಯೂ ಹುಡುಕಬೇಕಾಗುತ್ತದೆಂದು ನಮ್ಮ ಅಭಿಪ್ರಾಯ. ಈ ಲೇಖನದಲ್ಲಿ ಆ ಪ್ರಯತ್ನವನ್ನು ಮಾಡಿದ್ದೇವೆ.

ಆಸ್‌ಬರಿಯ ಜೀವನಕ್ಕೆ ಮುಖ್ಯ ಆಕರವೆಂದರೆ ಆತನೇ ಬರೆದಿಟ್ಟ ದಿನಚರಿ. ೧೭೭೧ರಲ್ಲಿ ಹಡಗು ಹತ್ತಿದಂದಿನಿಂದ ಹಿಡಿದು ಸಾಯುವುದಕ್ಕೆ ಕೆಲವು ತಿಂಗಳ ಹಿಂದಿನವರೆಗೆ ಆತನು ಇದನ್ನು ಬರೆಯುತ್ತಿದ್ದನು. ಆತನ ಮರಣಾನಂತರ ೧೮೨೧ರಲ್ಲಿ ಇದು ಮೂರು ಸಂಪುಟಗಳಾಗಿ ಪ್ರಕಟವಾಯಿತು; ೧೯೫೮ರಲ್ಲಿ ಪತ್ರಗಳನ್ನೂ ಕೂಡಿಸಿ ಸಂಪಾದಿಸಿದ ಆವೃತ್ತಿ ಹೊರಬಂದಿತು. ದಿನಚರಿಯ ಶೈಲಿ ಒಣಗಿದ್ದು. ಇಂದು ಇಷ್ಟು ಮೈಲಿ ಸವಾರಿ, ಇಂತಹ ಊರಿನಲ್ಲಿ ಪ್ರಸಂಗ, ಇಂತಹ ವಚನದ ಮೇಲೆ, ಜ್ವರ, ಮಳೆ, ಕೆಟ್ಟ ದಾರಿ, ಹೀಗೆ ಪುಟಗಟ್ಟಲೆ ಸಾಗುತ್ತದೆ. ವೆಸ್ಲಿಯ ದಿನಚರಿಯಲ್ಲಿ ಕಾಣುವ ಲೋಕಾನುಭವದ ಹದವಾಗಲಿ ಹಾಸ್ಯವಾಗಲಿ ಇದರಲ್ಲಿ ವಿರಳ. ಆದರೂ ತನ್ನ ಬಾಲ್ಯವನ್ನು ಕುರಿತು ಆತನು ಬರೆದಿರುವ ಕೆಲವೇ ಪುಟಗಳು ಮತ್ತು ತಂದೆತಾಯಿಗಳಿಗೆ ಬರೆದ ಕಾಗದಗಳು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತವೆ.

ಆಸ್‌ಬರಿ ಹುಟ್ಟಿದ್ದು ಸ್ಟ್ಯಾಫರ್ಡ್‌ಷೈರ್ ಪ್ರಾಂತದ ಹ್ಯಾಂಡ್ಸ್‌ವರ್ತ್ ಪ್ಯಾರಿಷ್ಷಿಗೆ ಸೇರಿದ ಹ್ಯಾಮ್‌ಸ್ಟೆಡ್ ಸೇತುವೆಯ ಬಳಿ. ಬರ್ಮಿಂಗ್‌ಹ್ಯಾಮಿಗೆ ಅಲ್ಲಿಂದ ನಾಲ್ಕು ಮೈಲಿ. ಹುಟ್ಟಿದ ದಿನ ೧೭೪೫ನೆಯ ಆಗಸ್ಟ್ ತಿಂಗಳ ೨೦ ಅಥವಾ ೨೧ ಎಂದು ಆತನೇ ಹೇಳಿಕೊಂಡಿದ್ದಾನೆ. ತನ್ನ ಹುಟ್ಟಿದ ದಿನವನ್ನೇ ಖಚಿತವಾಗಿ ಹೇಳಲಾಗದ ಮನೆತನ ಅದು ಎಂಬುದನ್ನು ಇಲ್ಲಿಯೇ ಗಮನಿಸಬಹುದು. ತಂದೆ ಜೋಸೆಫ್ ಆಸ್‌ಬರಿ. ತಾಯಿ ಎಲಿಜಬೆತ್, ತವರುಮನೆಯ ಹೆಸರು ರಾಜರ್ಸ್. ತಂದೆಯು ಆ ಪ್ಯಾರಿಷ್ಷಿನ ಇಬ್ಬರು ಸಿರಿವಂತರ ಮನೆಗಳಲ್ಲಿ ಬೇಸಾಯದ ಮತ್ತು ತೋಟದ ಕೆಲಸ ಮಾಡಿಕೊಂಡಿದ್ದನು. ಮಗನು ಇನ್ನೂ ಚಿಕ್ಕವನಾಗಿದ್ದಾಗಲೇ ಕುಟುಂಬವು ಸಮೀಪದ ಗ್ರೇಟ್ ಬಾರ್ ಎಂಬಲ್ಲಿಗೆ ಬಂದು ನೆಲೆಸಿತು. ಇಟ್ಟಿಗೆಯಿಂದ ಕಟ್ಟಿದ ಆ ಚಿಕ್ಕ ಮನೆಯು ಈಗಲೂ ಉಳಿದಿದ್ದು ಆಸ್‌ಬರಿಯ ಸ್ಮಾರಕವಾಗಿ ರಕ್ಷಿಸಲ್ಪಟ್ಟಿದೆ. ಆ ಮನೆಯವರು ಕಡುಬಡವರಲ್ಲ, ಹೊಟ್ಟೆಬಟ್ಟೆಗೆ ನೇರವಾಗಿತ್ತು. ಆದರೆ ಭೂಮಿಯಾಗಲಿ ಪದವಿಯಾಗಲಿ ವಿದ್ಯೆಯಾಗಲಿ ಆ ಮನೆಯಲ್ಲಿರಲಿಲ್ಲ.

ದಂಪತಿಗಳಿಗೆ ಇಬ್ಬರೇ ಮಕ್ಕಳು. ಫ್ರಾನ್ಸಿಸನಿಗಿಂತ ಹಿರಿಯಳಾದ ಸಾರಾ ಎಂಬ ಹೆಣ್ಣುಮಗು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಿತು. ಈ ಸಾವು ಆ ಮನೆಯ ಚರಿತ್ರೆಯಲ್ಲಿ ನಿರ್ಣಾಯಕವಾದುದೆಂದು ಹೇಳಿದರೆ ಅತಿಶಯೋಕ್ತಿಯಾಗದು. ತಾಯಿಯು ಬಹುಕಾಲ ದುಃಖದಲ್ಲಿ ಮುಳುಗಿದ್ದಳು. ದೊಡ್ಡದೊಂದು ಕಿಟಕಿಯ ಬಳಿ ಪುಸ್ತಕವನ್ನು ಹಿಡಿದು ಗಂಟೆಗಟ್ಟಲೆ ಓದುತ್ತ ನಿಂತಿದ್ದ ತಾಯಿಯ ಚಿತ್ರವು ಮಗನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು; ಎಷ್ಟೋ ವರ್ಷಗಳ ಮೇಲೆ ಅಮೆರಿಕದಲ್ಲಿ ಕುಳಿತು ಆತನು ಅದನ್ನು ಸ್ಮರಿಸಿಕೊಂಡಿದ್ದಾನೆ. ಮಗಳನ್ನು ಕಳೆದುಕೊಂಡ ತಾಯಿಯು ಸಮಾಧಾನವನ್ನು ಅರಸುತ್ತ ಧರ್ಮದ ಕಡೆಗೆ ತಿರುಗಿದಳು. ಭಕ್ತರೆಂದು ಕಂಡುಬಂದವರನ್ನೆಲ್ಲ, ಅವರು ಯಾವ ಪಂಗಡದವರೇ ಆಗಲಿ, ಮನೆಗೆ ಕರೆದು ಉಪಚರಿಸತೊಡಗಿದಳು. ಈ ಕಾರಣದಿಂದಲೇ ಶಾಲೆಯ ಹುಡುಗರು ಫ್ರಾನ್ಸಿಸನನ್ನು ಮೆಥಡಿಸ್ಟ್ ಪಾದ್ರಿ ಎಂದು ಹಂಗಿಸುತ್ತಿದ್ದರು. ಆಗ ಆತನಾಗಲಿ ಆತನ ಮನೆಯವರಾಗಲಿ ಮೆಥಡಿಸ್ಟರಾಗಿರಲಿಲ್ಲವೆಂಬುದು ಸ್ವಾರಸ್ಯ.

ತಂದೆಗೆ ಮಗನ ವಿದ್ಯಾಭ್ಯಾಸದಲ್ಲಿ ಆಸೆಯಿತ್ತು. ಎಷ್ಟು ವರ್ಷವಾದರೂ ಓದಿಸಲು ಸಿದ್ಧನಾಗಿದ್ದನು. ಹುಡುಗನು ಆರೇಳು ವರ್ಷಕ್ಕೆಲ್ಲ ಬೈಬಲನ್ನು ಓದಬಲ್ಲವನಾಗಿದ್ದನು. ಆದರೆ ಉಪಾಧ್ಯಾಯನು ಕ್ರೂರಿ. ಆತನ ಹೊಡೆತದ ಭಯದಿಂದ ಶಾಲೆಯೆಂದರೆ ಹುಡುಗನಿಗೆ ನಡುಕ ಹುಟ್ಟಿತು. ಶಾಲೆಗೆ ಹೋಗುವುದಕ್ಕಿಂತ ಯಾವ ಕೆಲಸವಾದರೂ ಲೇಸೆನ್ನಿಸಿತು. ಹೀಗೆ ಒಬ್ಬ ಉಪಾಧ್ಯಾಯನ ಬೆತ್ತದಿಂದಾಗಿ ಆಸ್‌ಬರಿಯ ಓದು ಹದಿಮೂರಕ್ಕೆ ನಿಂತಿತು. ಮುಂದೆ ಆತನು ಕುದುರೆಯ ಮೇಲೆಯೂ ಬಿಡಾರಗಳಲ್ಲಿಯೂ ಕುಳಿತು ಗ್ರೀಕ್ ಮತ್ತು ಹೀಬ್ರೂ ಭಾಷೆಗಳನ್ನು ತಾನೇ ಕಲಿತುಕೊಂಡನು. ದಿನಕ್ಕೆ ನೂರು ಪುಟ ಓದುವ ನಿಯಮವನ್ನು ಇಟ್ಟುಕೊಳ್ಳಲು ಯತ್ನಿಸಿದನು. ಶಾಲೆ ಕೊಡದಿದ್ದುದನ್ನು ಹಟದಿಂದ ಗಳಿಸಿದ್ದು ನಿಜ. ಆದರೂ ವಿದ್ಯಾವಂತರ ನಡುವೆ ಆತನಿಗೆ ಕೊನೆಯವರೆಗೂ ಒಂದು ಬಗೆಯ ಬಿಗುವು ಇದ್ದೇ ಇತ್ತು.

ಹದಿಮೂರೂವರೆಯ ವಯಸ್ಸಿನಲ್ಲಿ ಆತನು ಕಸುಬು ಕಲಿಯಲು ಸೇರಿದನು. ಆರೂವರೆ ವರ್ಷ ಆ ಮನೆಯಲ್ಲಿದ್ದನು. ಕೆಲಸಗಾರನಂತಲ್ಲದೆ ಮಗನಂತೆಯೇ ತನ್ನನ್ನು ಅವರು ನೋಡಿಕೊಂಡರೆಂದು ಬರೆದಿದ್ದಾನೆ. ಕಸುಬಿನ ಹೆಸರನ್ನು ಮಾತ್ರ ಬರೆದಿಲ್ಲ. ಅದು ಕಬ್ಬಿಣದ ಕೆಲಸವೆಂದೂ, ವೆಸ್ಟ್ ಬ್ರಾಮ್‌ವಿಚ್ ಕಡೆಯ ಫಾಕ್ಸಾಲ್ ಮನೆತನದವರ ಕುಲುಮೆಯಲ್ಲಿ ಆತನು ದುಡಿದನೆಂದೂ ಪರಂಪರೆಯ ಹೇಳಿಕೆಯಿದೆ. ಆ ಮನೆತನದ ಹೆನ್ರಿ ಫಾಕ್ಸಾಲನು ಮುಂದೆ ಅಮೆರಿಕಕ್ಕೆ ಹೋಗಿ ಜಾರ್ಜ್‌ಟೌನಿನಲ್ಲಿ ಫಿರಂಗಿ ಎರಕದ ದೊಡ್ಡ ಕಾರ್ಖಾನೆಯನ್ನು ನಡೆಸಿದನು. ವಾಷಿಂಗ್ಟನ್ನಿನಲ್ಲಿ ಮೆಥಡಿಸ್ಟ್ ದೇವಾಲಯವೊಂದನ್ನು ಕಟ್ಟಿಸಿದನು. ಬಿಷಪ್ ಆಸ್‌ಬರಿಗೆ ಆಪ್ತನಾಗಿದ್ದನು. ಹೇಗೂ ಆ ಸೀಮೆಯೇ ಕುಲುಮೆಗಳ ಸೀಮೆ. ಮೊಳೆ, ಬೀಗ, ಬಕಲು, ಗುಂಡಿ, ಬಂದೂಕಿನ ಭಾಗಗಳು ಮನೆಮನೆಯಲ್ಲಿ ತಯಾರಾಗುತ್ತಿದ್ದವು. ಕೈಗಾರಿಕಾ ಕ್ರಾಂತಿಯ ತೊಟ್ಟಿಲು ಎನ್ನಿಸಿಕೊಂಡ ನಾಡು ಅದು. ಅಲ್ಲಿಯ ದುಡಿಮೆಗಾರರ ಮಾತು, ಒರಟುತನ, ಬಾಯಾರಿಕೆ ಎಲ್ಲವನ್ನೂ ಆಸ್‌ಬರಿಯು ಒಳಗಿನಿಂದ ಬಲ್ಲವನಾಗಿದ್ದನು. ಅಮೆರಿಕದ ಗಡಿನಾಡಿನಲ್ಲಿ ಮರ ಕಡಿದು ಹೊಲ ಮಾಡಿಕೊಳ್ಳುತ್ತಿದ್ದ ಜನರೊಡನೆ ಬೆರೆಯಲು ಆಕ್ಸ್‌ಫರ್ಡಿಗಿಂತ ಇದು ಒಳ್ಳೆಯ ತರಬೇತು.

ಆಸ್‌ಬರಿಯನ್ನು ರೂಪಿಸಿದ ಧಾರ್ಮಿಕ ವಾತಾವರಣದಲ್ಲಿ ಎರಡು ಎಳೆಗಳನ್ನು ಬಿಡಿಸಿ ನೋಡಬೇಕು. ಒಂದು, ವೆಸ್ಟ್ ಬ್ರಾಮ್‌ವಿಚ್ಚಿನ ಆಂಗ್ಲಿಕನ್ ದೇವಾಲಯ. ಸಮೀಪದ ಸ್ಯಾಂಡ್‌ವೆಲ್ ಹಾಲ್ ಎಂಬ ಸೌಧದಲ್ಲಿದ್ದ ಡಾರ್ಟ್‌ಮತ್ ಪ್ರಭುವು ಸುವಾರ್ತಾಪರ ಪಂಥದ ಆಶ್ರಯದಾತ. ಆತನ ಪ್ರಭಾವದಿಂದ ಅಲ್ಲಿಗೆ ಒಳ್ಳೆಯ ಉಪದೇಶಕರು ಬರುತ್ತಿದ್ದರು; ಹುಡುಗನಾದ ಆಸ್‌ಬರಿಯು ಅವರನ್ನೆಲ್ಲ ಕೇಳಿದನು. ಈ ಡಾರ್ಟ್‌ಮತ್ ಪ್ರಭುವೇ ೧೭೭೨ರಿಂದ ೧೭೭೫ರವರೆಗೆ ಬ್ರಿಟಿಷ್ ಸರ್ಕಾರದಲ್ಲಿ ವಸಾಹತುಗಳ ಮಂತ್ರಿಯಾಗಿದ್ದು, ಅಮೆರಿಕವು ಕೈಬಿಟ್ಟುಹೋಗತೊಡಗಿದ್ದನ್ನು ಕಂಡವನು. ಒಂದೇ ದೇವಾಲಯದ ಪ್ರಭುವೂ ತೋಟಗಾರನ ಮಗನೂ ಅಮೆರಿಕದ ಇತಿಹಾಸದಲ್ಲಿ ಇಷ್ಟು ಬೇರೆಬೇರೆಯ ಪಾತ್ರ ವಹಿಸಿದುದು ಇತಿಹಾಸದ ವಿನೋದಗಳಲ್ಲೊಂದು.

ಎರಡನೆಯದು ವೆಡ್ನ್ಸ್‌ಬರಿ. ಈ ಊರು ಮೆಥಡಿಸ್ಟರ ಚರಿತ್ರೆಯಲ್ಲಿ ರಕ್ತದ ಕಲೆಯುಳ್ಳದ್ದು. ೧೭೪೩ರಲ್ಲಿ ಅಲ್ಲಿಯ ಜನರು ಗುಂಪುಗೂಡಿ ವೆಸ್ಲಿಯನ್ನು ಎಳೆದಾಡಿದರು. ಮರುವರ್ಷ ಮೆಥಡಿಸ್ಟರ ಮನೆಗಳನ್ನು ಸೂರೆಮಾಡಿದರು. ಆಸ್‌ಬರಿ ಹುಟ್ಟಿದ್ದು ಅದಾದ ಮರುವರ್ಷ. ತಾಯಿಯಿಂದ ಈ ಪಂಗಡದವರ ಸುದ್ದಿ ತಿಳಿದು ಹುಡುಗನು ಅಲ್ಲಿಗೆ ಹೋದನು. ಅಲ್ಲಿ ಕಂಡದ್ದು ಆತನಿಗೆ ಹೊಸದಾಗಿತ್ತು. ಗಂಡಸರೂ ಹೆಂಗಸರೂ ಮೊಣಕಾಲೂರಿ ಗಟ್ಟಿಯಾಗಿ ಆಮೆನ್ ಎನ್ನುತ್ತಿದ್ದರು. ಕೀರ್ತನೆಗಳನ್ನು ಇಂಪಾಗಿ ಹಾಡುತ್ತಿದ್ದರು. ಬೋಧಕನ ಕೈಯಲ್ಲಿ ಪ್ರಾರ್ಥನೆಯ ಪುಸ್ತಕವಿರಲಿಲ್ಲ, ಆದರೂ ಆತನು ಪ್ರಾರ್ಥಿಸಿದನು. ಬರೆದ ಪ್ರಸಂಗವಿರಲಿಲ್ಲ, ಆದರೂ ಆತನು ಬೋಧಿಸಿದನು. ಹುಡುಗನು ಬೆರಗಾದನು. ಅಧಿಕೃತ ದೀಕ್ಷೆಯಿಲ್ಲದವನೂ ಪುಸ್ತಕವಿಲ್ಲದವನೂ ದೇವರ ಮಾತನ್ನಾಡಬಹುದೆಂಬ ತಿಳಿವು ತೋಟಗಾರನ ಮಗನಿಗೆ ಎಂತಹ ಬಾಗಿಲನ್ನು ತೆರೆದಿರಬೇಕೆಂಬುದನ್ನು ನಾವು ಊಹಿಸಬಹುದು.

ಮೊಟ್ಟಮೊದಲು ಆತನು ಮಾತನಾಡಿದ್ದು ತನ್ನ ತಾಯಿಯ ಆಶ್ರಯದಲ್ಲಿಯೇ. ಎಲಿಜಬೆತ್ ಆಸ್‌ಬರಿಯು ಹೆಂಗಸರ ಪ್ರಾರ್ಥನಾಕೂಟವೊಂದನ್ನು ನಡೆಸುತ್ತಿದ್ದಳು. ಮಗನನ್ನು ಅಲ್ಲಿಗೆ ಕರೆದೊಯ್ದು ಅಧ್ಯಾಯಗಳನ್ನು ಓದಿಸಿದಳು, ಕೀರ್ತನೆಗಳನ್ನು ಹೇಳಿಸಿದಳು. ಕ್ರಮೇಣ ಆತನು ವಚನಗಳನ್ನು ವಿವರಿಸತೊಡಗಿದನು. ಹದಿನೇಳು ಹದಿನೆಂಟರ ವೇಳೆಗೆ ಸ್ಥಳೀಯ ಬೋಧಕನಾದನು; ಹಗಲು ಕುಲುಮೆಯ ಕೆಲಸ, ಸಂಜೆ ಸುತ್ತಣ ಹಳ್ಳಿಗಳಲ್ಲಿ ಪ್ರಸಂಗ. ೧೭೬೬ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಕಸುಬನ್ನು ಬಿಟ್ಟು ಪೂರ್ಣಕಾಲದ ಸಂಚಾರಿ ಬೋಧಕನಾದನು. ಮೆಥಡಿಸ್ಟ್ ಪದ್ಧತಿಯಲ್ಲಿ ಬೋಧಕನಿಗೆ ಒಂದು ಊರಿಲ್ಲ. ಸರ್ಕ್ಯೂಟ್ ಎಂದು ಕರೆಯುವ ಹಳ್ಳಿಗಳ ಸುತ್ತು ಆತನ ಪಾಲಿಗೆ ಬರುತ್ತದೆ. ಒಂದೆರಡು ವರ್ಷಕ್ಕೆ ಆ ಸುತ್ತೂ ಬದಲಾಗುತ್ತದೆ. ಬೆಡ್‌ಫರ್ಡ್‌ಷೈರ್, ವಿಲ್ಟ್‌ಷೈರ್ ಮುಂತಾದ ಕಡೆ ಐದು ವರ್ಷ ಹೀಗೆ ಸುತ್ತಿದನು. ಈ ಅವಧಿಯಲ್ಲಿ ವಿಶೇಷವಾದುದೇನೂ ಇಲ್ಲ.

೧೭೭೧ನೆಯ ಆಗಸ್ಟಿನಲ್ಲಿ ಬ್ರಿಸ್ಟಲಿನಲ್ಲಿ ಬೋಧಕರ ಸಮ್ಮೇಳನ ಸೇರಿತು. ಅಮೆರಿಕದಿಂದ ಸಹಾಯಕ್ಕಾಗಿ ಕರೆ ಬಂದಿದೆ, ಹೋಗುವವರು ಯಾರೆಂದು ವೆಸ್ಲಿ ಕೇಳಿದನು. ಐವರು ಮುಂದೆ ಬಂದರು, ಇಬ್ಬರನ್ನು ಆರಿಸಿದರು. ಅವರಲ್ಲಿ ಆಸ್‌ಬರಿ ಒಬ್ಬ. ಆತನು ಊರಿಗೆ ಹೋಗಿ ತಂದೆತಾಯಿಗಳಿಗೆ ಈ ಸುದ್ದಿಯನ್ನು ಮೆಲ್ಲನೆ ತಿಳಿಸಿದನು. ಬದುಕಿದ್ದ ಒಬ್ಬನೇ ಮಗನನ್ನು ಕಡಲಾಚೆಗೆ ಕಳಿಸಿಕೊಡಲು ತಾಯಿಯು ಒಪ್ಪಿದಳು. ಎಂದೂ ಅಳದ ತಂದೆಯು ಕಣ್ಣೀರು ಸುರಿಸಿದನು. ಬ್ರಿಸ್ಟಲಿಗೆ ಬಂದಾಗ ಆಸ್‌ಬರಿಯ ಕೈಯಲ್ಲಿ ಒಂದು ಪೆನ್ನಿಯೂ ಇರಲಿಲ್ಲ. ಸ್ನೇಹಿತರು ಬಟ್ಟೆಗಳನ್ನೂ ಹತ್ತು ಪೌಂಡನ್ನೂ ಒದಗಿಸಿದರು. ಸೆಪ್ಟೆಂಬರ್ ೪ರಂದು ಹಡಗು ಹೊರಟಿತು. ಹಾಸಿಗೆಯಿಲ್ಲದೆ, ಎರಡು ಕಂಬಳಿಗಳೊಡನೆ ಹಲಗೆಯ ಮೇಲೆ ಮಲಗಿ ಪ್ರಯಾಣಮಾಡಿದನು. ದಾರಿಯಲ್ಲಿ ತನ್ನನ್ನು ತಾನೇ ಪ್ರಶ್ನಿಸಿಕೊಂಡದ್ದನ್ನು ಬರೆದಿದ್ದಾನೆ: ಹೋಗುತ್ತಿರುವುದು ಮಾನಕ್ಕೋ, ಹಣಕ್ಕೋ? ಎರಡಕ್ಕೂ ಅಲ್ಲವೆಂಬುದು ಆತನ ಉತ್ತರ. ಅಕ್ಟೋಬರ್ ೨೭ರಂದು ಫಿಲಡೆಲ್ಫಿಯದಲ್ಲಿ ಇಳಿದನು. ಅಂದಿನಿಂದ ಸಾಯುವವರೆಗೂ ಇಂಗ್ಲೆಂಡನ್ನು ಮತ್ತೆ ನೋಡಲಿಲ್ಲ, ತಂದೆತಾಯಿಗಳನ್ನೂ ನೋಡಲಿಲ್ಲ.

ಆಗ ಅಮೆರಿಕದಲ್ಲಿದ್ದ ಮೆಥಡಿಸ್ಟರು ಸುಮಾರು ಆರುನೂರು ಮಂದಿ. ಅವರನ್ನು ಮೊದಲು ಕೂಡಿಸಿದವರು ಐರ್ಲೆಂಡಿನಿಂದ ವಲಸೆ ಬಂದ ಸಾಮಾನ್ಯರು: ನ್ಯೂಯಾರ್ಕಿನಲ್ಲಿ ಫಿಲಿಪ್ ಎಂಬುರಿ ಮತ್ತು ಬಾರ್ಬರಾ ಹೆಕ್, ಮೇರಿಲೆಂಡಿನಲ್ಲಿ ರಾಬರ್ಟ್ ಸ್ಟ್ರಾಬ್ರಿಜ್. ೧೭೬೯ರಲ್ಲಿ ವೆಸ್ಲಿ ಕಳಿಸಿದ್ದ ಇಬ್ಬರು ಬೋಧಕರು ಪಟ್ಟಣಗಳಲ್ಲಿಯೇ ಹೆಚ್ಚಾಗಿ ನಿಂತಿದ್ದರು. ಆಸ್‌ಬರಿಗೆ ಇದು ಒಗ್ಗಲಿಲ್ಲ. ಬಂದ ಒಂದು ತಿಂಗಳಲ್ಲಿಯೇ, ಪಟ್ಟಣ ಬಿಡಲು ಮನಸ್ಸಿಲ್ಲದ ಸಹೋದರರಿಗೆ ತಾನು ದಾರಿ ತೋರಿಸುವುದಾಗಿ ಬರೆದುಕೊಂಡು ಹಳ್ಳಿಗಳ ಕಡೆ ಹೊರಟನು. ಆ ಹೊರಡುವಿಕೆ ನಲವತ್ತೈದು ವರ್ಷ ನಿಲ್ಲಲಿಲ್ಲ. ಆತನ ಸಂಚಾರವು ಒಟ್ಟು ೨,೭೦,೦೦೦ ಮೈಲಿಯೆಂದು ಚರಿತ್ರಕಾರರ ಗಣನೆ. ಅಪಲೇಷಿಯನ್ ಪರ್ವತಗಳನ್ನು ಅರವತ್ತು ಸಲ ದಾಟಿದನೆಂದು ಹೇಳುತ್ತಾರೆ. ಮನೆಯಿರಲಿಲ್ಲ; ಆತನ ಹೆಸರಿಗೆ ‘ಅಮೆರಿಕ’ ಎಂದಷ್ಟೇ ಸೇರಿಸಿ ಬರೆದ ಕಾಗದವೂ ಆತನಿಗೆ ತಲಪುತ್ತಿತ್ತೆಂಬ ಪ್ರತೀತಿಯುಂಟು.

ಸ್ವಾತಂತ್ರ್ಯಯುದ್ಧವು ಆತನಿಗೆ ಒದಗಿದ ಮೊದಲನೆಯ ಅಗ್ನಿಪರೀಕ್ಷೆ. ೧೭೭೫ರಲ್ಲಿ ವೆಸ್ಲಿಯು ವಸಾಹತುಗಳವರನ್ನು ಖಂಡಿಸಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ಅದರಿಂದ ಅಮೆರಿಕದ ಮೆಥಡಿಸ್ಟರೆಲ್ಲರೂ ರಾಜಪಕ್ಷದವರೆಂಬ ಸಂದೇಹ ಹುಟ್ಟಿತು. ಇಂಗ್ಲೆಂಡಿನಿಂದ ಬಂದಿದ್ದ ಬೋಧಕರು ಒಬ್ಬೊಬ್ಬರಾಗಿ ಹಿಂದಿರುಗಿದರು. ಆಸ್‌ಬರಿಯು ಹೋಗಲಿಲ್ಲ. ಮೇರಿಲೆಂಡ್ ಸಂಸ್ಥಾನವು ಬೋಧಕರಿಂದ ನಿಷ್ಠಾಪ್ರಮಾಣವನ್ನು ಕೇಳಿದಾಗ ಅದಕ್ಕೂ ಒಪ್ಪಲಿಲ್ಲ. ೧೭೭೮ರಲ್ಲಿ ಡೆಲವೇರಿಗೆ ಸರಿದು ನ್ಯಾಯಾಧೀಶ ತಾಮಸ್ ವೈಟ್ ಎಂಬಾತನ ಮನೆಯಲ್ಲಿ ಆಶ್ರಯ ಪಡೆದನು. ಆ ಆತಿಥೇಯನನ್ನೂ ಅಧಿಕಾರಿಗಳು ಕೆಲಕಾಲ ಬಂಧನದಲ್ಲಿಟ್ಟರು. ಈ ಹಿಂಜರಿಕೆಯನ್ನು ಕೆಲವರು ಹೇಡಿತನವೆಂದಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಹಡಗು ಹತ್ತಿ ಊರಿಗೆ ಹೋಗುವುದು ಆತನಿಗೆ ಸುಲಭವಾಗಿತ್ತು. ಅಲ್ಲಿ ಮುಪ್ಪಿನ ತಂದೆತಾಯಿಗಳು ಕಾದಿದ್ದರು. ಉಳಿದುದರಿಂದಲೇ ಅಮೆರಿಕನ್ನರು ಆತನನ್ನು ತಮ್ಮವನೆಂದು ಒಪ್ಪಿಕೊಂಡರು.

ಯುದ್ಧಕಾಲದಲ್ಲಿ ಮತ್ತೊಂದು ತೊಡಕು ತಲೆಯೆತ್ತಿತು. ಮೆಥಡಿಸ್ಟ್ ಬೋಧಕರಿಗೆ ಗುರುದೀಕ್ಷೆಯಿರಲಿಲ್ಲ. ದೀಕ್ಷಾಸ್ನಾನಕ್ಕೂ ಪ್ರಭುಭೋಜನಕ್ಕೂ ಜನರು ಆಂಗ್ಲಿಕನ್ ಪಾದ್ರಿಗಳಲ್ಲಿಗೆ ಹೋಗಬೇಕಾಗಿತ್ತು. ಯುದ್ಧದಲ್ಲಿ ಆ ಪಾದ್ರಿಗಳು ಹಲವರು ಓಡಿಹೋದರು. ೧೭೭೯ರಲ್ಲಿ ವರ್ಜೀನಿಯದ ಫ್ಲುವಾನದಲ್ಲಿ ಸೇರಿದ ದಕ್ಷಿಣದ ಬೋಧಕರು ತಮತಮಗೆ ತಾವೇ ದೀಕ್ಷೆ ಕೊಟ್ಟುಕೊಂಡರು. ಮರುವರ್ಷ ಆಸ್‌ಬರಿಯು ಅಲ್ಲಿಗೆ ಹೋಗಿ, ವೆಸ್ಲಿಯ ಅಭಿಪ್ರಾಯ ಬರುವವರೆಗೆ ಒಂದು ವರ್ಷ ತಡೆಯಿರೆಂದು ಅವರನ್ನು ಒಡಂಬಡಿಸಿ ಒಡಕನ್ನು ತಪ್ಪಿಸಿದನು. ಆದರೆ ಪ್ರಶ್ನೆ ಹಾಗೆಯೇ ಉಳಿಯಿತು. ಕೊನೆಗೆ ೧೭೮೪ನೆಯ ಸೆಪ್ಟೆಂಬರಿನಲ್ಲಿ ವೆಸ್ಲಿಯು, ತಾನು ಬಿಷಪ್ಪನಲ್ಲದಿದ್ದರೂ, ಬ್ರಿಸ್ಟಲಿನಲ್ಲಿ ಇಬ್ಬರಿಗೆ ದೀಕ್ಷೆ ಕೊಟ್ಟು ತಾಮಸ್ ಕೋಕ್ ಎಂಬ ವಿದ್ವಾಂಸನನ್ನು ಅಮೆರಿಕದ ಮೇಲ್ವಿಚಾರಕನನ್ನಾಗಿ ನೇಮಿಸಿದನು. ಆಸ್‌ಬರಿಯೂ ಜೊತೆಯ ಮೇಲ್ವಿಚಾರಕನೆಂದು ಅಪ್ಪಣೆಯಾಯಿತು.

ಆ ವರ್ಷದ ನವೆಂಬರ್ ೧೪ರಂದು ಡೆಲವೇರಿನ ಬ್ಯಾರಟ್ ದೇವಾಲಯದಲ್ಲಿ ಕೋಕನು ಆಸ್‌ಬರಿಯನ್ನು ಕಂಡು ಈ ಅಪ್ಪಣೆಯನ್ನು ತಿಳಿಸಿದನು. ಆಸ್‌ಬರಿ ಕೊಟ್ಟ ಉತ್ತರವು ಆತನ ಜೀವನದ ಅತ್ಯಂತ ಮಹತ್ವದ ಮಾತು. ಬೋಧಕರು ಒಮ್ಮತದಿಂದ ಆರಿಸಿದರೆ ಮಾತ್ರ ಈ ಪದವಿಯನ್ನು ವಹಿಸಿಕೊಳ್ಳುವೆನು, ವೆಸ್ಲಿಯ ನೇಮಕದಿಂದಲ್ಲ ಎಂಬುದು ಅದರ ತಾತ್ಪರ್ಯ. ಕುದುರೆಸವಾರರ ಮೂಲಕ ಕರೆ ಹೋಯಿತು. ಸುಮಾರು ಅರವತ್ತು ಬೋಧಕರು ಬಾಲ್ಟಿಮೋರಿನ ಲವ್ಲಿ ಲೇನ್ ದೇವಾಲಯದಲ್ಲಿ ಕ್ರಿಸ್‌ಮಸ್ಸಿನ ಸಮಯದಲ್ಲಿ ಸೇರಿದರು. ಆಸ್‌ಬರಿಯನ್ನು ಚುನಾಯಿಸಿದರು. ಮೂರು ದಿನಗಳಲ್ಲಿ ಕ್ರಮವಾಗಿ ಡೀಕನ್, ಎಲ್ಡರ್, ಮೇಲ್ವಿಚಾರಕ ಎಂಬ ಮೂರು ದೀಕ್ಷೆಗಳೂ ಆದವು. ಕೆಲವು ವರ್ಷಗಳಲ್ಲಿ ‘ಮೇಲ್ವಿಚಾರಕ’ ಎಂಬ ಮಾತಿನ ಬದಲು ‘ಬಿಷಪ್’ ಎಂಬುದು ಬಳಕೆಗೆ ಬಂದಿತು. ಇದನ್ನು ಕೇಳಿ ಮುದುಕನಾದ ವೆಸ್ಲಿಯು ೧೭೮೮ರಲ್ಲಿ ಉರಿದೆದ್ದು ಕಾಗದ ಬರೆದನು. ಆಸ್‌ಬರಿಯು ಆ ನೋವನ್ನು ನುಂಗಿಕೊಂಡನು, ಬಿರುದನ್ನು ಬಿಡಲಿಲ್ಲ.

ಈ ಚುನಾವಣೆಯ ಪರಿಣಾಮವನ್ನು ನಮ್ಮ ನಾಡಿನಲ್ಲಿಯೂ ಕಾಣಬಹುದೆಂಬುದನ್ನು ಪ್ರಸಂಗವಶಾತ್ ಇಲ್ಲಿ ಹೇಳಬೇಕು. ಹಳೆಯ ಮೈಸೂರು ಸೀಮೆಯಲ್ಲಿ ೧೮೨೧ರಿಂದ ಕೆಲಸಮಾಡಿದ, ಮುದ್ರಣಾಲಯದ ಮೂಲಕ ಕನ್ನಡ ವಿದ್ಯಾರ್ಥಿಗಳಿಗೆ ಪರಿಚಿತವಾಗಿರುವ ವೆಸ್ಲಿಯನ್ ಮಿಷನ್ ಇಂಗ್ಲೆಂಡಿನದು. ಅದರಲ್ಲಿ ಬಿಷಪ್ಪರಿರಲಿಲ್ಲ, ಚೇರ್ಮನ್ನರಿದ್ದರು. ೧೯೪೭ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ವಿಲೀನವಾದಾಗಲೇ ಅದಕ್ಕೆ ಬಿಷಪ್ಪರು ಬಂದುದು. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳು, ಕೋಲಾರ ಮತ್ತು ಬೀದರಿನ ಆಸ್ಪತ್ರೆಗಳು ಸೇರಿದ ಮೆಥಡಿಸ್ಟ್ ಸಭೆಯಾದರೋ ಅಮೆರಿಕದ ಕವಲು. ಅದು ಮೊದಲಿನಿಂದಲೂ ಬಿಷಪ್ಪರ ಆಡಳಿತದಲ್ಲಿದೆ. ಒಂದೇ ಹೆಸರಿನ ಎರಡು ಪರಂಪರೆಗಳಿಗೆ ಈ ವ್ಯತ್ಯಾಸವೇಕೆಂದು ಕೇಳುವ ವಿದ್ಯಾರ್ಥಿಗೆ ೧೭೮೪ರ ಬಾಲ್ಟಿಮೋರನ್ನು ತೋರಿಸಬೇಕು.

ಚುನಾವಣೆಯನ್ನು ಒತ್ತಾಯಿಸಿದವನೆಂದ ಮಾತ್ರಕ್ಕೆ ಆಸ್‌ಬರಿಯು ಪ್ರಜಾಪ್ರಭುತ್ವವಾದಿಯೆಂದು ತಿಳಿಯಬಾರದು. ಪದವಿ ಬಂದಮೇಲೆ ಬೋಧಕರನ್ನು ಎಲ್ಲಿಗೆ ಕಳಿಸಬೇಕೆಂಬುದನ್ನು ಆತನೊಬ್ಬನೇ ನಿರ್ಧರಿಸುತ್ತಿದ್ದನು. ೧೭೯೨ರಲ್ಲಿ ಜೇಮ್ಸ್ ಓಕೆಲಿ ಎಂಬ ಹಿರಿಯ ಬೋಧಕನು, ಬಿಷಪ್ಪನ ತೀರ್ಮಾನದ ಮೇಲೆ ಸಮ್ಮೇಳನಕ್ಕೆ ಮೊರೆಯಿಡುವ ಹಕ್ಕು ಬೇಕೆಂದು ಕೇಳಿದನು. ಆ ಸೂಚನೆ ಬಿದ್ದುಹೋಯಿತು. ಓಕೆಲಿಯು ಅನುಯಾಯಿಗಳೊಡನೆ ಹೊರನಡೆದನು. ಆಸ್‌ಬರಿಯ ಕೈ ಕಠಿನವೆಂದು ವಿರೋಧಿಗಳು ಹೇಳಿದುದು ಸುಳ್ಳಲ್ಲ. ಆದರೆ ಆತನು ಇತರರಿಂದ ಕೇಳಿದುದೆಲ್ಲವನ್ನೂ ತಾನು ಮೊದಲು ಮಾಡಿದ್ದನು. ಬಿಷಪ್ಪನಿಗೂ ಕಿರಿಯ ಬೋಧಕನಿಗೂ ಸಂಬಳ ಒಂದೇ: ವರ್ಷಕ್ಕೆ ೬೪ ಡಾಲರ್, ೧೮೦೦ರಿಂದ ಮುಂದೆ ೮೦. ಈ ಸಮಾನತೆಯೇ ಆತನ ಅಧಿಕಾರದ ಬೇರು. ಸಂಸ್ಥೆಗಳನ್ನು ಕಟ್ಟುವುದು ಮಾತ್ರ ಆತನಿಗೆ ಒಲಿಯಲಿಲ್ಲ. ಆತನೂ ಕೋಕನೂ ತಮ್ಮ ಹೆಸರುಗಳನ್ನು ಬೆರೆಸಿ ಸ್ಥಾಪಿಸಿದ ಕೋಕ್ಸ್‌ಬರಿ ಕಾಲೇಜು ೧೭೮೭ರಲ್ಲಿ ತೆರೆದು ೧೭೯೫ರಲ್ಲಿ ಸುಟ್ಟುಹೋಯಿತು. ಎಷ್ಟು ಹಣ ಕೊಟ್ಟರೂ ಆ ತೊಂದರೆಯನ್ನು ತಾನು ಮತ್ತೊಮ್ಮೆ ಪಡಲಾರೆನೆಂದು ಬರೆದುಕೊಂಡನು.

ಆ ಅಲ್ಪ ಸಂಬಳದಿಂದಲೇ ಗ್ರೇಟ್ ಬಾರಿನ ಮನೆಗೆ ಹಣ ಹೋಗುತ್ತಿತ್ತು. ತಂದೆತಾಯಿಗಳಿಗೆ ಬರೆದ ಕಾಗದಗಳು ದಿನಚರಿಗಿಂತ ಹೆಚ್ಚು ಮನಮುಟ್ಟುವಂತಿವೆ. ಗಡಿಯಾರವನ್ನೂ ಪುಸ್ತಕಗಳನ್ನೂ ಮಾರಿದ್ದೇನೆ, ನಿಮಗೆ ಕೊರತೆಯಾಗುವ ಮೊದಲು ಅಂಗಿಯನ್ನಾದರೂ ಮಾರುವೆನು ಎಂಬ ಅರ್ಥದ ಮಾತು ಒಂದು ಕಾಗದದಲ್ಲಿದೆ. ಅಮೆರಿಕಕ್ಕೆ ಬಂದುಬಿಡಿರೆಂದೂ ಬರೆದನು, ಅವರು ಬರಲಿಲ್ಲ. ಅವರ ಮನೆಯಲ್ಲಿ ಮೆಥಡಿಸ್ಟ್ ಕೂಟಗಳು ಮೊದಲಿನಂತೆಯೇ ನಡೆಯುತ್ತಿದ್ದವು. ೧೭೯೮ರಲ್ಲಿ ತಂದೆ ತೀರಿಕೊಂಡನು. ೧೮೦೨ನೆಯ ಜನವರಿಯಲ್ಲಿ ತಾಯಿ. ಸುದ್ದಿಯು ಕಡಲು ದಾಟಿ ಬರುವಷ್ಟರಲ್ಲಿ ವಸಂತ ಬಂದಿತ್ತು. ಐವತ್ತು ವರ್ಷ ತಾಯಿಯ ಕೈ, ಮನೆ, ಹೃದಯ ಮೂರೂ ದೇವಜನರಿಗೆ ತೆರೆದಿದ್ದುವೆಂದು ದಿನಚರಿಯಲ್ಲಿ ಬರೆದನು.

ಆಸ್‌ಬರಿಯು ಮದುವೆಯಾಗಲಿಲ್ಲ. ಏಕೆಂಬುದಕ್ಕೆ ೧೮೦೪ರಲ್ಲಿ ಕಾರಣಗಳನ್ನು ಬರೆದಿದ್ದಾನೆ. ಇಪ್ಪತ್ತಾರಕ್ಕೆ ಅಮೆರಿಕಕ್ಕೆ ಬಂದನು, ಯುದ್ಧ ಬಂದಿತು, ಮೂವತ್ತೊಂಬತ್ತಕ್ಕೆ ಬಿಷಪ್ಪನಾದನು. ವರ್ಷದ ಐವತ್ತೆರಡು ವಾರಗಳಲ್ಲಿ ಒಂದು ವಾರ ಮಾತ್ರ ಮನೆಯಲ್ಲಿರಬಲ್ಲ ಗಂಡನನ್ನು ಒಪ್ಪುವ ಹೆಣ್ಣೆಲ್ಲಿ? ಒಪ್ಪಿದರೂ ಹೆಣ್ಣಿನ ಪ್ರೀತಿಯನ್ನು ಹಾಗೆ ದುರುಪಯೋಗಪಡಿಸಿಕೊಳ್ಳುವ ಹಕ್ಕು ಗಂಡಸಿಗೆ ಎಲ್ಲಿದೆ? ಕೈಯಲ್ಲಿದ್ದ ಹಣವೂ ತಾಯಿಯ ಪೋಷಣೆಗೆ ಬೇಕಾಗಿತ್ತು. ಇವು ಬರಿಯ ನೆವಗಳಲ್ಲ, ಲೆಕ್ಕಹಾಕಿ ನೋಡಿದ ಸತ್ಯಗಳು.

ಆತನ ಬಾಳಿನಲ್ಲಿ ನಮ್ಮನ್ನು ಹೆಚ್ಚು ಕಾಡುವ ಭಾಗವೆಂದರೆ ಗುಲಾಮಗಿರಿಯ ಪ್ರಶ್ನೆ. ಆಸ್‌ಬರಿಯು ಅದನ್ನು ದ್ವೇಷಿಸುತ್ತಿದ್ದನು. ೧೭೮೪ರ ಸಮ್ಮೇಳನವು, ಸದಸ್ಯರು ತಮ್ಮ ಗುಲಾಮರನ್ನು ಬಿಡುಗಡೆಮಾಡಬೇಕೆಂದು ಕಟ್ಟುನಿಟ್ಟಾದ ನಿಯಮ ಮಾಡಿತು. ೧೭೮೫ನೆಯ ಮೇ ತಿಂಗಳಲ್ಲಿ ಆತನೂ ಕೋಕನೂ ಮೌಂಟ್ ವರ್ನನ್ನಿಗೆ ಹೋಗಿ, ವರ್ಜೀನಿಯದಲ್ಲಿ ಗುಲಾಮರ ವಿಮೋಚನೆಯಾಗಬೇಕೆಂಬ ಅರ್ಜಿಗೆ ಜಾರ್ಜ್ ವಾಷಿಂಗ್ಟನ್ನನ ಸಹಿಯನ್ನು ಕೇಳಿದರು. ವಾಷಿಂಗ್ಟನ್ ಸಹಾನುಭೂತಿ ತೋರಿದನು, ಸಹಿ ಮಾಡಲಿಲ್ಲ. ದಕ್ಷಿಣದ ತೋಟಗಳ ಒಡೆಯರ ಪ್ರತಿಭಟನೆಯಿಂದ ಸಭೆಯ ನಿಯಮವನ್ನೂ ಆರು ತಿಂಗಳಲ್ಲೇ ಅಮಾನತಿನಲ್ಲಿಡಬೇಕಾಯಿತು. ಅಂದಿನಿಂದ ಆಸ್‌ಬರಿಯು ಹೆಜ್ಜೆಹೆಜ್ಜೆಗೂ ಹಿಂದೆ ಸರಿದನು. ಗುಲಾಮಗಿರಿಯನ್ನು ಖಂಡಿಸಿದರೆ ಒಡೆಯರು ಗುಲಾಮರ ಬಳಿಗೇ ಬೋಧಕರನ್ನು ಬಿಡುವುದಿಲ್ಲ. ಬಿಡುಗಡೆಯೂ ಇಲ್ಲ, ಉಪದೇಶವೂ ಇಲ್ಲವಾಗುತ್ತದೆ ಎಂಬುದು ಆತನ ತರ್ಕ. ೧೮೦೮ರಲ್ಲಿ, ಸಭೆಯ ನಿಯಮಾವಳಿಯಿಂದ ಗುಲಾಮಗಿರಿಯ ಭಾಗವನ್ನೇ ತೆಗೆದು ಸಾವಿರ ಪ್ರತಿಗಳನ್ನು ಸೌತ್ ಕ್ಯಾರೊಲಿನಕ್ಕಾಗಿ ಅಚ್ಚುಮಾಡಿಸುವಷ್ಟರ ಮಟ್ಟಿಗೆ ಇದು ಬಂದಿತು. ಆತನ ಸಂಕಟವನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು, ಸಮರ್ಥಿಸಲಾರೆವು. ದುಡಿಮೆಗಾರರ ಮನೆಯಲ್ಲಿ ಹುಟ್ಟಿದವನು ಮೂಕದುಡಿಮೆಯ ಪರವಾಗಿ ಕೊನೆಯವರೆಗೆ ನಿಂತಿದ್ದರೆ ಸಭೆಯು ಚಿಕ್ಕದಾಗುತ್ತಿತ್ತೇನೋ. ದೊಡ್ಡದಾದ ಆ ಸಭೆಯೇ ೧೮೪೪ರಲ್ಲಿ ಇದೇ ಪ್ರಶ್ನೆಯ ಮೇಲೆ ಇಬ್ಭಾಗವಾಯಿತು.

ಈ ಸಂದರ್ಭದಲ್ಲಿ ರಿಚರ್ಡ್ ಆಲನ್ನನನ್ನು ಮರೆಯುವಂತಿಲ್ಲ. ಗುಲಾಮನಾಗಿ ಹುಟ್ಟಿ, ದುಡಿದು ತನ್ನ ಬಿಡುಗಡೆಯನ್ನು ಕೊಂಡುಕೊಂಡ ಈ ಕರಿಯ ಬೋಧಕನನ್ನು ಆಸ್‌ಬರಿಯು ತನ್ನೊಡನೆ ಸಂಚಾರಕ್ಕೆ ಕರೆದನು. ದಕ್ಷಿಣದಲ್ಲಿ ಗುಲಾಮರೊಡನೆ ಬೆರೆಯಕೂಡದು, ಕೆಲವು ರಾತ್ರಿ ಗಾಡಿಯಲ್ಲಿಯೇ ಮಲಗಬೇಕಾದೀತು ಎಂದು ಸೂಚಿಸಿದನು. ಆಲನ್ ಒಪ್ಪಲಿಲ್ಲ. ಖಾಯಿಲೆ ಬಿದ್ದರೆ ನನ್ನನ್ನು ನೋಡಿಕೊಳ್ಳುವವರಾರು ಎಂದು ಕೇಳಿದನೆಂದು ಆತನ ಆತ್ಮಕಥೆಯಿಂದ ತಿಳಿದುಬರುತ್ತದೆ. ಆದರೂ ಇಬ್ಬರ ಸ್ನೇಹ ಕಡಿಯಲಿಲ್ಲ. ಫಿಲಡೆಲ್ಫಿಯದಲ್ಲಿ ಆಲನ್ ಸ್ಥಾಪಿಸಿದ ಬೆತೆಲ್ ದೇವಾಲಯವನ್ನು ೧೭೯೪ರಲ್ಲಿ ಪ್ರತಿಷ್ಠಿಸಿದವನು ಆಸ್‌ಬರಿ. ೧೭೯೯ರಲ್ಲಿ ಆತನಿಗೆ ಡೀಕನ್ ದೀಕ್ಷೆಯಿತ್ತವನೂ ಆಸ್‌ಬರಿಯೇ.

ಕೊನೆಯ ವರ್ಷಗಳಲ್ಲಿ ಆಸ್‌ಬರಿಯ ದೇಹ ಜರ್ಜರವಾಗಿತ್ತು. ಸವಾರಿ ಮಾಡಲಾಗದೆ ಗಾಡಿಯಲ್ಲಿ ಸಂಚರಿಸಿದನು. ನಡೆಯಲಾಗದಾಗ ಜೊತೆಗಾರನು ಎತ್ತಿಕೊಂಡು ಒಯ್ಯುತ್ತಿದ್ದನು. ೧೮೧೬ನೆಯ ಮಾರ್ಚ್ ೨೪ರಂದು ವರ್ಜೀನಿಯದ ರಿಚ್ಮಂಡಿನಲ್ಲಿ ಮೇಜಿನ ಮೇಲೆ ಕುಳಿತು ಕಡೆಯ ಪ್ರಸಂಗವನ್ನು ಮಾಡಿದನು. ಬಾಲ್ಟಿಮೋರಿನ ಸಮ್ಮೇಳನಕ್ಕೆ ತಲಪಬೇಕೆಂಬ ಆಸೆಯಿತ್ತು. ಮಾರ್ಚ್ ೩೧ರಂದು ದಾರಿಯಲ್ಲಿ, ಸ್ಪಾಟ್‌ಸಿಲ್ವೇನಿಯದ ಜಾರ್ಜ್ ಆರ್ನಲ್ಡ್ ಎಂಬ ಹಳೆಯ ಸ್ನೇಹ��ತನ ಮನೆಯಲ್ಲಿ ಪ್ರಾಣ ಬಿಟ್ಟನು. ಅಲ್ಲಿಯೇ ಸಮಾಧಿಯಾಯಿತು, ಮೇ ತಿಂಗಳಲ್ಲಿ ಸಮ್ಮೇಳನ ಸೇರಿದಾಗ ಶವವನ್ನು ಬಾಲ್ಟಿಮೋರಿಗೆ ತಂದು ಮತ್ತೆ ಹೂಳಿದರು. ಆ ವೇಳೆಗೆ ಅಮೆರಿಕದ ಮೆಥಡಿಸ್ಟರ ಸಂಖ್ಯೆ ಎರಡು ಲಕ್ಷವನ್ನು ದಾಟಿತ್ತು. ಬೋಧಕರು ಸುಮಾರು ಏಳುನೂರು ಮಂದಿ ಇದ್ದರು. ಆತನು ತೀರಿಕೊಂಡ ಎರಡು ವಾರಗಳೊಳಗೆ, ಏಪ್ರಿಲ್ ೯ರಂದು, ಫಿಲಡೆಲ್ಫಿಯದಲ್ಲಿ ಕರಿಯ ಮೆಥಡಿಸ್ಟರು ಒಟ್ಟುಗೂಡಿ ತಮ್ಮದೇ ಆದ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯನ್ನು ಸ್ಥಾಪಿಸಿದರು. ಏಪ್ರಿಲ್ ೧೧ರಂದು ರಿಚರ್ಡ್ ಆಲನ್ ಅದರ ಬಿಷಪ್ಪನಾಗಿ ದೀಕ್ಷೆ ಹೊಂದಿದನು. ಬೋಧಕರು ಚುನಾಯಿಸಿದ ಮೇಲೆ.